ಚಳಿಯವರು, ಸೆಕೆಯವರು: ಹೋಮಿಯೋಪಥಿಯ ಔಷಧ ಆಯ್ಕೆಯಲ್ಲಿ ಶೀತೋಷ್ಣದ ಲೆಕ್ಕ

ಮಂಡಿನೋವು ಎಂದು ಹೋಗಲಿ, ಅರೆತಲೆನೋವು ಎಂದು ಹೋಗಲಿ, ಮೈತುರಿಕೆ ಎಂದು ಹೋಗಲಿ, ಹೋಮಿಯೋಪಥಿ ವೈದ್ಯರು ಕೇಳುವ ಒಂದೆರಡು ಪ್ರಶ್ನೆಗಳು ರೋಗಿಗೆ ವಿಚಿತ್ರವೆನಿಸುತ್ತವೆ. ರಾತ್ರಿ ಫ್ಯಾನ್ ಬೇಕೇ ಬೇಕಾ? ಹೊದಿಕೆಯನ್ನು ಕುತ್ತಿಗೆಯವರೆಗೂ ಎಳೆದುಕೊಳ್ಳುತ್ತೀರಾ, ಪಾದ ಹೊರಗೆ ಚಾಚುತ್ತೀರಾ? ಬಿಸಿಲಲ್ಲಿ ನಡೆದು ಬಂದರೆ ಏನಾಗುತ್ತದೆ? ವರ್ಷದಲ್ಲಿ ನಿಮಗೆ ಆಗಿಬರದ ಕಾಲ ಯಾವುದು? ಮಂಡಿಗೂ ಫ್ಯಾನಿಗೂ ಎಲ್ಲಿಯ ನಂಟು ಎಂದು ರೋಗಿ ಯೋಚಿಸುವಷ್ಟರಲ್ಲಿ ವೈದ್ಯರು ಹಾಳೆಯ ಮೂಲೆಯಲ್ಲಿ ‘ಚಿಲ್ಲಿ’ ಎಂದೋ ‘ಹಾಟ್’ ಎಂದೋ ಬರೆದಾಗಿರುತ್ತದೆ. ಆ ಒಂದು ಪದವೇ ಅರ್ಧದಷ್ಟು ಔಷಧಗಳನ್ನು ಪಟ್ಟಿಯಿಂದ ಹೊರಗೆ ಹಾಕಿಬಿಡುವುದುಂಟು.

ಈ ಪ್ರಶ್ನೆಯನ್ನು ನೆಟ್ಟಗೆ ನಿಂತು ನೋಡಿದವರು ಕಡಿಮೆ. ಹೋಮಿಯೋಪಥಿಯನ್ನು ನಂಬುವವರಲ್ಲಿ ಅನೇಕರು ಅದನ್ನು ಸಿದ್ಧಸೂತ್ರ ಮಾಡಿಕೊಂಡರು. ನಂಬದವರು ಗುಳಿಗೆಯ ಜೊತೆಗೆ ಪ್ರಶ್ನೆಯನ್ನೂ ತಳ್ಳಿಹಾಕಿದರು. ನನಗೆ ಎರಡೂ ತಪ್ಪೆನಿಸುತ್ತದೆ. ಒಬ್ಬ ಮನುಷ್ಯನಿಗೆ ಚಳಿ ತಡೆಯುವುದಿಲ್ಲವೋ ಸೆಕೆ ತಡೆಯುವುದಿಲ್ಲವೋ ಎಂಬುದು ವೈದ್ಯಕೀಯವಾಗಿ ಬೆಲೆಯುಳ್ಳ ಸುದ್ದಿ. ಆದರೆ ಆ ಸುದ್ದಿಯಿಂದ ಔಷಧವೊಂದನ್ನು ಆರಿಸುವಾಗ ಹೋಮಿಯೋಪಥಿಯ ಪುಸ್ತಕಗಳು ಅದಕ್ಕೆ ಕೊಟ್ಟಿರುವ ತೂಕ, ಅದು ಹೊರಬಲ್ಲ ತೂಕಕ್ಕಿಂತ ಬಹಳ ಹೆಚ್ಚು.

ಶೀತೋಷ್ಣದ ಮಾತು ಈ ಪದ್ಧತಿಯ ಮೊದಲ ಪ್ರಯೋಗದಲ್ಲೇ ಇದೆ. 1790ರಲ್ಲಿ ಜರ್ಮನಿಯ ವೈದ್ಯ ಸ್ಯಾಮ್ಯುಯಲ್ ಹಾನೆಮನ್, ಸ್ಕಾಟ್ಲೆಂಡಿನ ವಿಲಿಯಂ ಕಲನ್ ಬರೆದ ಔಷಧಗ್ರಂಥವನ್ನು ಜರ್ಮನ್ ಭಾಷೆಗೆ ತರುತ್ತಿದ್ದರು. ಮಲೇರಿಯಾ ಜ್ವರಕ್ಕೆ ಸಿಂಕೋನಾ ತೊಗಟೆ ಹೇಗೆ ಕೆಲಸ ಮಾಡುತ್ತದೆ ಎಂದು ಕಲನ್ ಕೊಟ್ಟಿದ್ದ ವಿವರಣೆ ಅವರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಆ ತೊಗಟೆಯನ್ನು ತಿಂದು ನೋಡಿದರು. ಮೊದಲು ಪಾದಗಳೂ ಬೆರಳ ತುದಿಗಳೂ ತಣ್ಣಗಾದವು, ಆಮೇಲೆ ಎದೆಬಡಿತ, ಕೆನ್ನೆ ಕೆಂಪೇರಿಕೆ, ಬಾಯಾರಿಕೆ ಬಂದವು ಎಂದು ಬರೆದಿಟ್ಟರು. ಮೈಯನ್ನು ಅಲುಗಾಡಿಸುವ ನಡುಕ ಮಾತ್ರ ಬರಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಚಳಿ, ಜ್ವರ, ಬೆವರು ಎಂಬ ಮೂರು ಹಂತದ ಕಾಯಿಲೆಯನ್ನು ಮುಂದಿಟ್ಟುಕೊಂಡು ಹುಟ್ಟಿದ ಪದ್ಧತಿ ಅದು. ರೋಗಿಯ ಮೈ ತಣ್ಣಗೋ ಬಿಸಿಯೋ ಎಂಬ ಗಮನ ಅದಕ್ಕೆ ಹುಟ್ಟಿನಿಂದಲೇ ಬಂತು.

1810ರಲ್ಲಿ ಮೊದಲು ಪ್ರಕಟವಾಗಿ, ಮುಂದೆ ಹಲವು ಬಾರಿ ತಿದ್ದಿಸಿಕೊಂಡ ‘ಆರ್ಗನಾನ್’ ಗ್ರಂಥದಲ್ಲಿ ಹಾನೆಮನ್ ಇದಕ್ಕೆ ಒಂದು ಶಿಸ್ತು ತಂದರು. ಆರೋಗ್ಯವಂತರು ಔಷಧ ಸೇವಿಸಿ ಲಕ್ಷಣಗಳನ್ನು ದಾಖಲಿಸುವ ಪರೀಕ್ಷೆಗೆ ಹೋಮಿಯೋಪಥಿಯಲ್ಲಿ ಪ್ರೂವಿಂಗ್ ಎನ್ನುತ್ತಾರೆ. ಅಲ್ಲಿ ತಲೆನೋವು ಬಂತು ಎಂದಷ್ಟೇ ಬರೆದರೆ ಸಾಲದು. ಕೋಣೆಯೊಳಗೆ ಅದು ಹೇಗಿತ್ತು, ಬಯಲಿಗೆ ಬಂದಾಗ ಏನಾಯಿತು, ನಡೆದಾಗ, ಮಲಗಿದಾಗ ಹೆಚ್ಚಿತೋ ತಗ್ಗಿತೋ ಎಂಬುದನ್ನೆಲ್ಲ ಗಮನಿಸಬೇಕು. ನೋವನ್ನು ಹೆಚ್ಚಿಸುವ, ತಗ್ಗಿಸುವ ಈ ಸಂದರ್ಭಗಳನ್ನೇ ವೈದ್ಯರು ಮೊಡಾಲಿಟಿ ಎಂದು ಕರೆಯುವುದು. ಹಾನೆಮನ್ನರ ಇನ್ನೊಂದು ಮಾತು ಅಷ್ಟೇ ಮುಖ್ಯ. ಎಲ್ಲರಲ್ಲೂ ಕಾಣುವ ಸಾಮಾನ್ಯ ಲಕ್ಷಣಕ್ಕೆ ಬೆಲೆ ಕಡಿಮೆ, ಅಪರೂಪದ, ಎದ್ದುಕಾಣುವ, ಆ ರೋಗಿಗೇ ವಿಶಿಷ್ಟವಾದ ಲಕ್ಷಣಕ್ಕೆ ಬೆಲೆ ಹೆಚ್ಚು ಎಂದು ಆರ್ಗನಾನಿನ 153ನೆಯ ಸೂತ್ರ ಹೇಳುತ್ತದೆ. ಚಳಿ-ಸೆಕೆಯ ಲೆಕ್ಕ ಹಾಕುವವರು ಹೆಚ್ಚಾಗಿ ಮರೆಯುವುದು ಈ ಸೂತ್ರವನ್ನೇ.

ಮೊಡಾಲಿಟಿಗಳನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರು ಕ್ಲೆಮೆನ್ಸ್ ಫಾನ್ ಬೋನಿಂಗ್‌ಹೌಸನ್. ಅವರು ಮೂಲತಃ ವೈದ್ಯರಲ್ಲ. ಕಾನೂನು ಓದಿದವರು, ಸಸ್ಯಶಾಸ್ತ್ರ ಮತ್ತು ಕೃಷಿಯಲ್ಲಿ ಪಳಗಿದವರು. 1828ರಲ್ಲಿ ಕ್ಷಯದಂತಹ ಕಾಯಿಲೆಯಿಂದ ಬದುಕುವ ಆಸೆ ಬಿಟ್ಟಿದ್ದಾಗ ಸ್ನೇಹಿತರಾದ ವೈದ್ಯರೊಬ್ಬರು ಪಲ್ಸಟಿಲ್ಲಾ ಕೊಟ್ಟರು, ಆಮೇಲೆ ಚೇತರಿಸಿಕೊಂಡರು ಎಂಬುದು ಅವರ ಜೀವನಚರಿತ್ರೆಯ ತಿರುವು. 1846ರಲ್ಲಿ ಅವರು ಹೊರತಂದ ಕೈಪಿಡಿಯಲ್ಲಿ ದೇಹದ ಭಾಗಗಳಿಗೆ ಒಂದು ಅಧ್ಯಾಯ, ನೋವಿನ ಬಗೆಗಳಿಗೆ ಇನ್ನೊಂದು, ಹೆಚ್ಚಿಸುವ-ತಗ್ಗಿಸುವ ಸಂಗತಿಗಳಿಗೆ ಮತ್ತೊಂದು. ಅವರ ತರ್ಕ ಸರಳ. ಒಂದು ಔಷಧದ ಪ್ರೂವಿಂಗಿನಲ್ಲಿ ಮೊಣಕೈ ನೋವು ಶಾಖದಿಂದ ತಗ್ಗಿದ್ದರೆ, ಶಾಖದಿಂದ ತಗ್ಗುವುದು ಆ ಇಡೀ ಔಷಧದ ಗುಣ. ನಾಳೆ ಹೊಟ್ಟೆನೋವಿಗೂ ಅದನ್ನು ಅನ್ವಯಿಸಬಹುದು. ದಾಖಲೆಗಳಲ್ಲಿ ಅಲ್ಲಲ್ಲಿ ಬಿಟ್ಟುಹೋದ ಜಾಗಗಳನ್ನು ತುಂಬಿಕೊಳ್ಳಲು ಇದೊಂದು ಜಾಣ ದಾರಿಯಾಗಿತ್ತು.

ಅರ್ಧ ಶತಮಾನದ ನಂತರ ಅಮೆರಿಕದ ಜೇಮ್ಸ್ ಟೈಲರ್ ಕೆಂಟ್ ಇದನ್ನು ಬಲವಾಗಿ ವಿರೋಧಿಸಿದರು. ಭಾಗಕ್ಕೆ ಅನ್ವಯಿಸುವುದನ್ನು ಇಡೀ ಮನುಷ್ಯನಿಗೆ ಹೊರಿಸಬಾರದು ಎಂಬುದು ಅವರ ವಾದ. ಅವರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಆರ್ಸೆನಿಕಂ ಆಲ್ಬಂ. ಈ ಔಷಧದ ಚಿತ್ರಕ್ಕೆ ಹೊಂದುವ ರೋಗಿ ಚಳಿಯಿಂದ ಮುದುಡಿಕೊಂಡಿರುತ್ತಾನೆ, ಕಂಬಳಿ ಬಿಡುವುದಿಲ್ಲ, ಹೊಟ್ಟೆಯ ಉರಿಗೂ ಬಿಸಿನೀರನ್ನೇ ಕೇಳುತ್ತಾನೆ. ತಲೆನೋವು ಬಂದರೆ ಮಾತ್ರ ತಲೆಗೆ ತಣ್ಣನೆಯ ಗಾಳಿ ಬೇಕು. ಮೈಗೆ ಕಂಬಳಿ, ತಲೆಗೆ ಕಿಟಕಿ. ಫಾಸ್ಫರಸ್ಸಿನದೂ ಇಂಥದೇ ಕಥೆ: ಮನುಷ್ಯ ಚಳಿಯವನು, ಆದರೆ ಹೊಟ್ಟೆ ಐಸ್ ನೀರು ಬೇಡುತ್ತದೆ, ಕುಡಿದ ನೀರು ಒಳಗೆ ಬೆಚ್ಚಗಾದ ಕೂಡಲೇ ವಾಂತಿಯಾಗುತ್ತದೆ. ಲೈಕೊಪೋಡಿಯಂ ಇದರ ತದ್ವಿರುದ್ಧ. ಮುಚ್ಚಿದ ಬೆಚ್ಚನೆಯ ಕೋಣೆ ಆ ರೋಗಿಗೆ ಹಿಂಸೆ, ಆದರೆ ಊಟವೂ ಕುಡಿಯುವುದೂ ಬಿಸಿಬಿಸಿಯಾಗಿಯೇ ಇರಬೇಕು. ಭಾಗದ ಗುಣವನ್ನು ಇಡೀ ದೇಹಕ್ಕೆ ಹಚ್ಚಿದರೆ ಇಂಥ ಔಷಧಗಳ ಮುಖವೇ ಅಳಿಸಿಹೋಗುತ್ತದೆ ಎಂದರು ಕೆಂಟ್. ಅವರ 1897ರ ರೆಪರ್ಟರಿಯಲ್ಲಿ, ಅಂದರೆ ಲಕ್ಷಣದಿಂದ ಔಷಧಕ್ಕೆ ದಾರಿ ತೋರುವ ಆ ದೊಡ್ಡ ಸೂಚಿಯಲ್ಲಿ, ಇಡೀ ವ್ಯಕ್ತಿಗೆ ಸೇರಿದ ಲಕ್ಷಣಗಳಿಗೇ ಪ್ರತ್ಯೇಕ ವಿಭಾಗವಿದೆ. ಮನಸ್ಸಿನ ಲಕ್ಷಣಗಳ ನಂತರದ ಎತ್ತರದ ಪೀಠ ಇವಕ್ಕೆ. ‘ನನಗೆ ಚಳಿ’ ಎಂದು ರೋಗಿ ಹೇಳಿದರೆ ಅದು ಇಡೀ ವ್ಯಕ್ತಿಯದು, ‘ನನ್ನ ಮಂಡಿಗೆ ಚಳಿ ಆಗದು’ ಎಂದರೆ ಭಾಗದ್ದು ಎಂಬ ಪಾಠವನ್ನು ಇವತ್ತಿಗೂ ಹೋಮಿಯೋಪಥಿ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ.

ಈ ಜಗಳದಲ್ಲಿ ನಾನು ಕೆಂಟ್ ಅವರ ಪಕ್ಷ. ಅವರ ಔಷಧಗಳನ್ನು ಒಪ್ಪುತ್ತೇನೆಂದಲ್ಲ. ರೋಗಿಯನ್ನು ನೋಡುವ ಅವರ ಕಣ್ಣು ಇಲ್ಲಿ ಹೆಚ್ಚು ಚುರುಕಾಗಿದೆ. ಮೈ ಒಂದು ಹೇಳುತ್ತದೆ, ಅಂಗ ಇನ್ನೊಂದು ಹೇಳುತ್ತದೆ, ಎರಡನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು ಎನ್ನುವುದು ಯಾವ ಪದ್ಧತಿಯ ವೈದ್ಯರಿಗಾದರೂ ಒಳ್ಳೆಯ ಬುದ್ಧಿಮಾತು.

ಕೆಂಟ್ ಅವರ ಪಾಠವನ್ನು ಪಟ್ಟಿಗೆ ಇಳಿಸಿದವರು ಗ್ಲಾಸ್ಗೋದ ಗಿಬ್ಸನ್ ಮಿಲ್ಲರ್. ಚಳಿಯಿಂದ ಬಳಲುವವರ ಔಷಧಗಳು, ಶಾಖದಿಂದ ಬಳಲುವವರ ಔಷಧಗಳು, ಎರಡನ್ನೂ ತಾಳದವರ ಔಷಧಗಳು ಎಂದು ಮೂರು ಗುಂಪು ಮಾಡಿದರು. ಲಂಡನ್ನಿನ ಮಾರ್ಗರೆಟ್ ಟೈಲರ್ ಮತ್ತು ಜಾನ್ ವಿಯರ್ ಇದನ್ನು ಶ್ರಮ ಉಳಿಸುವ ಜರಡಿಯಾಗಿ ಬಳಸುವುದನ್ನು ಕಲಿಸಿದರು. ರೋಗಿ ಖಚಿತವಾಗಿ ಚಳಿಯವನಾದರೆ ಸೆಕೆಯ ಔಷಧಗಳನ್ನೆಲ್ಲ ಮೊದಲೇ ಸೋಸಿಬಿಡಿ, ಉಳಿದವುಗಳಲ್ಲಿ ಹುಡುಕಿ. ದಪ್ಪ ರೆಪರ್ಟರಿಯ ಪುಟಗಳನ್ನು ಕೈಯಿಂದ ತಿರುವಬೇಕಿದ್ದ ಕಾಲದಲ್ಲಿ ಇದು ಗಂಟೆಗಟ್ಟಲೆ ದುಡಿಮೆ ಉಳಿಸುತ್ತಿತ್ತು. ಲಕ್ಷಣ ನಿಜಕ್ಕೂ ಬಲವಾಗಿದ್ದರೆ ಮಾತ್ರ ಹೀಗೆ ಮಾಡಬೇಕು, ಇಲ್ಲದಿದ್ದರೆ ಬೇಕಾದ ಔಷಧವೇ ಸೋಸಿಹೋಗುತ್ತದೆ ಎಂಬ ಎಚ್ಚರವೂ ಆ ಪಾಠದ ಭಾಗವಾಗಿತ್ತು. ಪಟ್ಟಿ ಉಳಿಯಿತು, ಎಚ್ಚರ ಎಲ್ಲರ ಕೈಯಲ್ಲೂ ಉಳಿಯಲಿಲ್ಲ.

ಪಟ್ಟಿಗಳಲ್ಲಿ ಇರುವ ಮುಖ್ಯ ಮುಖಗಳನ್ನಾದರೂ ಪರಿಚಯ ಮಾಡಿಕೊಳ್ಳದೆ ಈ ವಿಷಯ ಅರ್ಥವಾಗುವುದಿಲ್ಲ. ಚಳಿಯವರ ಸಾಲಿನಲ್ಲಿ ನಕ್ಸ್ ವೋಮಿಕಾ ಇದೆ: ಸಿಡುಕಿನ, ಕೆಲಸದ ಒತ್ತಡದ ಮನುಷ್ಯ, ಜ್ವರದಲ್ಲಿ ಹೊದಿಕೆ ಒಂದಿಷ್ಟು ಸರಿದರೂ ನಡುಗುತ್ತಾನೆ. ಸಿಲಿಸಿಯಾದವರು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಪಾದ ತಣ್ಣಗಿದ್ದೂ ಬೆವರುತ್ತದೆ. ಕ್ಯಾಲ್ಕೇರಿಯಾ ಕಾರ್ಬ್ ಮಗುವಿನ ತಲೆ ನಿದ್ದೆಯಲ್ಲಿ ದಿಂಬು ನೆನೆಯುವಷ್ಟು ಬೆವರುತ್ತದೆ. ಸೋರಿನಂ ಎಂಬ ಔಷಧದ ರೋಗಿ ಬೇಸಿಗೆಯಲ್ಲೂ ತುಪ್ಪಳದ ಟೋಪಿ ಬಿಡುವುದಿಲ್ಲ ಎಂಬುದು ಪುಸ್ತಕಗಳಲ್ಲಿ ಪ್ರಸಿದ್ಧವಾದ ಚಿತ್ರ. ರಸ್ ಟಾಕ್ಸ್ ರೋಗಿಗೆ ಥಂಡಿ-ತೇವ ಎರಡೂ ಕೂಡಿದಾಗ ಕೀಲು ಹಿಡಿಯುತ್ತದೆ. ಬಿಸಿನೀರಿನ ಸ್ನಾನದಿಂದ, ಓಡಾಟದಿಂದ ಸಡಿಲವಾಗುತ್ತದೆ. ಇದೇ ಗುಂಪಿನ ಕಾಸ್ಟಿಕಂ ಮಾತ್ರ ತಮಾಷೆಯಾಗಿದೆ. ಒಣ ಚಳಿಗಾಳಿ ಅದರ ರೋಗಿಗೆ ವೈರಿ, ಮಳೆಯ ತೇವ ಬಂದರೆ ಹಾಯೆನಿಸುತ್ತದೆ. ಅಂದರೆ ತಂಪು ಎಂಬುದು ಒಂದೇ ಸಂಗತಿಯಲ್ಲ, ಒಣತಂಪು ಬೇರೆ, ಒದ್ದೆತಂಪು ಬೇರೆ.

ಸೆಕೆಯವರ ಸಾಲು ಚಿಕ್ಕದು. ಪಲ್ಸಟಿಲ್ಲಾ ಅಲ್ಲಿಯ ನಾಯಕಿ: ಮೃದು ಸ್ವಭಾವ, ಅಳು ಬೇಗ, ಬಾಯಾರಿಕೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತೆ, ಹೊರಗಾಳಿಯಲ್ಲಿ ನಿಧಾನವಾಗಿ ನಡೆದರೆ ಸುಖ. ಸಲ್ಫರಿನವರಿಗೆ ರಾತ್ರಿ ಅಂಗಾಲು ಉರಿ, ಹೊದಿಕೆಯಿಂದ ಕಾಲು ಹೊರಗೆ. ಏಪಿಸ್ ಜೇನುಹುಳದಿಂದ ತಯಾರಾದದ್ದು. ಕಚ್ಚಿದ ಜಾಗದಂತೆ ಊದುವ, ಚುಚ್ಚುವ, ತಣ್ಣೀರಿನಿಂದ ಮಾತ್ರ ತಣಿಯುವ ನೋವು ಅದರದು. ನೇಟ್ರಂ ಮ್ಯೂರ್, ಅಂದರೆ ಅಡುಗೆ ಉಪ್ಪು, ಬಿಸಿಲಿನ ತಲೆನೋವಿಗೆ ಹೆಸರಾದದ್ದು. ಮೂರನೆಯ ಗುಂಪಿನ ಮರ್ಕ್ಯೂರಿಯಸ್ ರೋಗಿಗೆ ಚಳಿಯೂ ಆಗದು, ಸೆಕೆಯೂ ಆಗದು. ಪಾದರಸದಿಂದ ಮಾಡಿದ ಔಷಧಕ್ಕೆ ಇದು ತಕ್ಕ ಗುಣವೆಂದು ಪುಸ್ತಕಗಳು ಅದನ್ನು ಉಷ್ಣಮಾಪಕಕ್ಕೆ ಹೋಲಿಸುತ್ತವೆ.

ರಾಸಾಯನಿಕ ಕುಟುಂಬಗಳಲ್ಲೂ ಒಂದು ಒಲವನ್ನು ಗುರುತಿಸಿದ್ದಾರೆ. ಕಾರ್ಬೊನೇಟುಗಳು ಸಾಮಾನ್ಯವಾಗಿ ಚಳಿಯ ಕಡೆಗೆ, ಗಂಧಕ ಮತ್ತು ಅಯೋಡಿನ್ ಸೇರಿದವು ಸೆಕೆಯ ಕಡೆಗೆ. ಕಾಲಿ ಕಾರ್ಬ್ ಚಳಿಯದು, ಕಾಲಿ ಅಯೋಡ್ ಸೆಕೆಯದು. ಆದರೆ ಹೆಪಾರ್ ಸಲ್ಫ್ ಈ ನಿಯಮವನ್ನು ಮುರಿಯುತ್ತದೆ. ಸಿಂಪಿಚಿಪ್ಪು ಮತ್ತು ಗಂಧಕವನ್ನು ಜೊತೆಗೆ ಸುಟ್ಟು ಮಾಡುವ ಔಷಧ ಅದು. ಗಂಧಕವಿದ್ದರೂ ಪಟ್ಟಿಯ ಅತಿ ಚಳಿಗುಳಿಗಳಲ್ಲಿ ಒಂದು. ಗಾಳಿ ಸೋಕಿದರೆ ಸಾಕು, ಕೆಮ್ಮು ಬರುತ್ತದೆ.

ಇಲ್ಲಿಯೇ ನಿಂತು ಕೇಳಬೇಕಾದ ಪ್ರಶ್ನೆ: ಈ ಚಿತ್ರಗಳು ಬಂದದ್ದೆಲ್ಲಿಂದ? ಕೆಲವು ನಿಜವಾದ ವಿಷಪ್ರಭಾವದಿಂದ ಬಂದವು. ಅವುಗಳ ಬಗ್ಗೆ ನನಗೆ ಗೌರವವಿದೆ. ಸೀಕೇಲ್ ಎಂಬುದು ರೈ ಧಾನ್ಯಕ್ಕೆ ಹತ್ತುವ ಎರ್ಗಟ್ ಶಿಲೀಂಧ್ರ. ಅದು ಬೆರೆತ ರೊಟ್ಟಿ ತಿಂದು ಮಧ್ಯಯುಗದ ಯೂರೋಪಿನಲ್ಲಿ ಸಾವಿರಾರು ಜನ ಕೈಕಾಲು ಕಳೆದುಕೊಂಡರು. ರಕ್ತನಾಳಗಳು ಬಿಗಿದು ಕಾಲು ತಣ್ಣಗಾಗುತ್ತಿತ್ತು, ಒಳಗೆ ಬೆಂಕಿಯಂಥ ಉರಿ. ಅದನ್ನು ಸಂತ ಆಂಥೋನಿಯ ಬೆಂಕಿ ಎಂದೇ ಕರೆದರು. ಹೋಮಿಯೋಪಥಿಯ ಪುಸ್ತಕದಲ್ಲಿ ಸೀಕೇಲ್ ರೋಗಿ ಮುಟ್ಟಿದರೆ ತಣ್ಣಗಿರುತ್ತಾನೆ, ಆದರೂ ಹೊದಿಕೆ ಕಿತ್ತೆಸೆಯುತ್ತಾನೆ. ಚಿತ್ರ ನಿಖರವಾಗಿದೆ. ಅಯೋಡಿನ್ ಕೂಡ ಹಾಗೆಯೇ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಗಳಗಂಡಕ್ಕೆ ಅಯೋಡಿನ್ ಕೊಡತೊಡಗಿದರು. ಕೆಲವು ರೋಗಿಗಳಲ್ಲಿ ಎದೆಬಡಿತ ಹೆಚ್ಚಿ, ಮೈ ಇಳಿಯಿತು ಎಂಬುದನ್ನು ಬೇಗನೆ ಅವರೇ ಗುರುತಿಸಿದರು. ಸದಾ ಹಸಿವು, ಎಷ್ಟು ತಿಂದರೂ ಬಡಕಲು, ಸೆಕೆ ತಡೆಯದು, ಒಂದು ಕಡೆ ಕೂರಲಾಗದು ಎಂಬ ಹೋಮಿಯೋಪಥಿಯ ಅಯೋಡಂ ಚಿತ್ರ ಥೈರಾಯ್ಡ್ ಅತಿಯಾಗಿ ದುಡಿಯುವ ಕಾಯಿಲೆಯ ಚಿತ್ರವೇ.

ಆದರೆ ಪಟ್ಟಿಯ ಬಹುಪಾಲು ಔಷಧಗಳಿಗೆ ಇಂಥ ಗಟ್ಟಿ ಹಿನ್ನೆಲೆ ಇಲ್ಲ. ಬೆರಳೆಣಿಕೆಯ ಜನರು, ತಾವು ಏನು ಸೇವಿಸುತ್ತಿದ್ದೇವೆಂದು ತಿಳಿದೇ, ತಮ್ಮ ಊರಿನ ಹವೆಯಲ್ಲಿ ಬರೆದುಕೊಂಡ ಟಿಪ್ಪಣಿಗಳು ಅವು. ಆ ಟಿಪ್ಪಣಿಗಳ ಮೇಲೆ ಒಬ್ಬೊಬ್ಬ ವೈದ್ಯರ ಅನುಭವ ಸೇರಿತು, ಪುಸ್ತಕದಿಂದ ಪುಸ್ತಕಕ್ಕೆ ನಕಲಾಯಿತು. ಲೈಕೊಪೋಡಿಯಂ, ನೇಟ್ರಂ ಮ್ಯೂರ್‌ಗಳಂಥ ದೊಡ್ಡ ಔಷಧಗಳು ಚಳಿಯವೋ ಸೆಕೆಯವೋ ಎಂಬ ಬಗ್ಗೆ ಪುಸ್ತಕಗಳಲ್ಲೇ ಒಮ್ಮತವಿಲ್ಲದಿರುವುದಕ್ಕೆ ಕಾರಣ ಇದೇ. ಇಂಥ ಪಟ್ಟಿಯಿಂದ ಔಷಧವನ್ನು ಹೊರಗೆ ಹಾಕುವುದು ದುಡುಕು.

ನಮ್ಮ ನಾಡಿನಲ್ಲಿ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಪಪ್ಪಾಯ ಉಷ್ಣ, ಎಳನೀರು ತಂಪು, ಮೆಂತ್ಯ ತಂಪು ಎಂದು ನಮ್ಮ ಅಡುಗೆಮನೆಗಳು ತಲೆಮಾರುಗಳಿಂದ ಲೆಕ್ಕ ಇಟ್ಟುಕೊಂಡಿವೆ. ಅಲ್ಲಿ ಉಷ್ಣ-ತಂಪು ಪದಾರ್ಥದ ಗುಣ. ತಿಂದವರ ಮೈ ಮೇಲೆ ಅದು ಮಾಡುವ ಪರಿಣಾಮ. ಆಯುರ್ವೇದದ ವೀರ್ಯದ, ಅಂದರೆ ಪದಾರ್ಥದ ಶೀತೋಷ್ಣ ಶಕ್ತಿಯ, ಕಲ್ಪನೆಯೂ ಇದೇ ಜಾತಿಯದು. ಹೋಮಿಯೋಪಥಿಯ ಲೆಕ್ಕ ಬೇರೆ: ಸಲ್ಫರ್ ಮೈಯನ್ನು ಕಾಯಿಸುತ್ತದೆ ಎಂದಲ್ಲ, ಸೆಕೆ ತಡೆಯದ ಮನುಷ್ಯನಿಗೆ ಅದು ಹೊಂದುತ್ತದೆ ಎಂದು. ಸಲ್ಫರ್ ಉಷ್ಣವಂತೆ, ಬೇಸಿಗೆಯಲ್ಲಿ ತೆಗೆದುಕೊಳ್ಳಬಾರದಂತೆ ಎಂದು ಆತಂಕಪಡುವವರು ಎರಡು ಬೇರೆ ಶಾಸ್ತ್ರಗಳನ್ನು ಒಂದು ಮಾಡಿಕೊಂಡಿರುತ್ತಾರೆ.

ಕನ್ನಡ ನಾಡಿನಲ್ಲಿ ಈ ಪದ್ಧತಿಗೆ ಹಳೆಯ ಬೇರುಗಳಿವೆ. 1880ರಲ್ಲಿ ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು; ಇಂದಿನ ಫಾದರ್ ಮುಲ್ಲರ್ ಸಂಸ್ಥೆಗಳ ಮೂಲ ಅದು. ಆದರೆ ಕೈಗೆ ಬಂದ ಪುಸ್ತಕಗಳು ಜರ್ಮನಿ, ಇಂಗ್ಲೆಂಡ್ ಮತ್ತು ಅಮೆರಿಕದ ಚಳಿದೇಶಗಳಲ್ಲಿ ಬರೆದವು. ಬೆಂಕಿಗೂಡಿನ ಕೋಣೆ, ತುಪ್ಪಳದ ಟೋಪಿ, ಹಿಮದ ಗಾಳಿ ಅವುಗಳ ಅಳತೆಗೋಲು. ಕಲಬುರಗಿಯ ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟಿದಾಗ ಸೆಕೆ ತಡೆಯುವುದಿಲ್ಲ ಎನ್ನದವರು ಯಾರು? ಮಡಿಕೇರಿಯ ಜುಲೈ ಮಳೆಯಲ್ಲಿ ಕಂಬಳಿ ಬೇಡವೆನ್ನುವವರು ಯಾರು? ಹಂಡೆಯಲ್ಲಿ ಕಾದ ಸುಡುನೀರಿನ ಸ್ನಾನ ಮಲೆನಾಡಿನಲ್ಲಿ ಮನೆಮನೆಯ ವಾಡಿಕೆ, ಲಕ್ಷಣವಲ್ಲ. ಬಾಣಂತಿ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದರೆ ಅದು ಅಜ್ಜಿಯ ಅಪ್ಪಣೆ. ಸಿಲಿಸಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಅನುಭವಸ್ಥ ವೈದ್ಯರು ‘ನಿಮಗೆ ಚಳಿ ಜಾಸ್ತಿಯೋ ಸೆಕೆ ಜಾಸ್ತಿಯೋ’ ಎಂದು ನೇರವಾಗಿ ಕೇಳುವುದಿಲ್ಲ. ಹಾಗೆ ಕೇಳಿದರೆ ರೋಗಿ ಯಾವುದೋ ಒಂದನ್ನು ಹೇಳಲೇಬೇಕಲ್ಲ. ‘ಮನೆಯವರೆಲ್ಲ ಫ್ಯಾನ್ ಹಾಕಿಕೊಂಡು ಮಲಗಿದಾಗ ನೀವೇನು ಮಾಡ್ತೀರಮ್ಮಾ?’ ಎಂದು ಕೇಳುತ್ತಾರೆ. ‘ಎಲ್ಲರಿಗೂ ಬೇಕು, ನಾನೊಬ್ಬಳು ಗೋಡೆ ಕಡೆ ತಿರುಗಿ ಚಾದರ ಹೊದ್ದುಕೊಳ್ತೀನಿ, ಅದಕ್ಕೇ ದಿನಾ ಜಗಳ’ ಎಂದು ಉತ್ತರ ಬಂದರೆ ಅದು ಮಾಹಿತಿ. ಒಂದೇ ಊರು, ಒಂದೇ ಮನೆ, ಒಂದೇ ಕೋಣೆಯಲ್ಲಿ ಉಳಿದವರಿಗಿಂತ ಈಕೆ ಬೇರೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಬೇಕೆನ್ನುವವರು, ಮದುವೆಮನೆಯ ಜನಜಂಗುಳಿಯಲ್ಲಿ ತಲೆಸುತ್ತಿ ಹೊರಗೆ ಬರುವವರು, ಎಸಿ ಕಚೇರಿಯಲ್ಲಿ ಸದಾ ಶಾಲು ಹೊದ್ದಿರುವವರು, ಇವರೆಲ್ಲ ಕೇಳದೆಯೇ ಉತ್ತರ ಕೊಡುತ್ತಿರುತ್ತಾರೆ.

ಉತ್ತರ ಸಿಕ್ಕ ಮೇಲೂ ಅದರ ತೂಕ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಹಾಲೆಂಡಿನ ಹೋಮಿಯೋಪಥಿ ವೈದ್ಯ ಲೆಕ್ಸ್ ರಟನ್ ಮತ್ತು ಸಂಗಡಿಗರು ಈ ದಿಕ್ಕಿನಲ್ಲಿ ಗಂಭೀರವಾಗಿ ಯೋಚಿಸಿದ್ದಾರೆ. ಒಂದು ಲಕ್ಷಣ ಒಂದು ಔಷಧದ ರೋಗಿಗಳಲ್ಲಿ ಕಾಣುತ್ತದೆ ಎಂದರೆ ಸಾಲದು, ಉಳಿದ ರೋಗಿಗಳಿಗಿಂತ ಅವರಲ್ಲಿ ಹೆಚ್ಚಾಗಿ ಕಂಡರೆ ಮಾತ್ರ ಅದು ಆಯ್ಕೆಗೆ ನೆರವಾಗುತ್ತದೆ ಎಂಬುದು ಅವರ ವಾದದ ತಿರುಳು. ಕೆಂಟ್ ಅವರ ರೆಪರ್ಟರಿ ಹೀಗೆ ಹೋಲಿಸಿ ನೋಡಿ ಕಟ್ಟಿದ್ದಲ್ಲ. ಒಂದು ಊಹೆ ಮಾಡೋಣ. ಚಿಕಿತ್ಸಾಲಯಕ್ಕೆ ಬರುವ 100 ಜನರಲ್ಲಿ 50 ಮಂದಿ ತಮಗೆ ಚಳಿ ಆಗದು ಎನ್ನುತ್ತಾರೆ, ಸಿಲಿಸಿಯಾದಿಂದ ಗುಣವಾದರೆಂದು ದಾಖಲಾದ 100 ಜನರಲ್ಲಿ 60 ಮಂದಿ ಹಾಗೆನ್ನುತ್ತಾರೆ ಎಂದಿಟ್ಟುಕೊಳ್ಳಿ. ಆಗ ಚಳಿ ಎಂಬ ಲಕ್ಷಣ ಸಿಲಿಸಿಯಾದ ಪರವಾಗಿ ಹೇಳುವುದು ಅತ್ಯಲ್ಪ. ಚಳಿಯ ಔಷಧಗಳ ಪಟ್ಟಿ ಸೆಕೆಯದಕ್ಕಿಂತ ಬಹಳ ಉದ್ದವಾಗಿರುವುದರಿಂದ ‘ಚಿಲ್ಲಿ’ ಎಂಬ ಗುರುತು ಹೇಳುವುದು ಇನ್ನೂ ಕಡಿಮೆ. ಹಾನೆಮನ್ನರ 153ನೆಯ ಸೂತ್ರ ಇದನ್ನೇ ಅಂಕಿಯಿಲ್ಲದೆ ಹೇಳಿತ್ತು. ಮೈ ತಣ್ಣಗಿದ್ದೂ ಹೊದಿಕೆ ಒಲ್ಲದವನು, ಕಾಲಿಗೆ ಗಾಯವಾಗಿ ಅದು ತಣ್ಣಗಾಗಿದ್ದರೂ ತಣ್ಣೀರಿನಲ್ಲೇ ಇಳಿಬಿಡುವ ಲೀಡಂ ರೋಗಿ, ಇಂಥ ವಿರೋಧಾಭಾಸಗಳಿಗೆ ಮಾತ್ರ ಈ ಪದ್ಧತಿಯ ಒಳಗಿನ ತರ್ಕದಲ್ಲಿ ನಿಜವಾದ ಬೆಲೆ ಇರಲು ಸಾಧ್ಯ.

ಇನ್ನು ದೇಹ ಏನು ಹೇಳುತ್ತದೆ ನೋಡೋಣ. ಶಾಖ ಮತ್ತು ತಂಪನ್ನು ಗುರುತಿಸುವ ಅಣುಗಳು ನಮ್ಮ ನರತುದಿಗಳಲ್ಲಿವೆ. ಮೆಣಸಿನಕಾಯಿಯ ಖಾರಕ್ಕೂ ಸುಡುಶಾಖಕ್ಕೂ ಸ್ಪಂದಿಸುವ ಒಂದನ್ನು, ಪುದೀನದ ಮೆಂಥಾಲಿಗೂ ತಂಪಿಗೂ ಸ್ಪಂದಿಸುವ ಇನ್ನೊಂದನ್ನು ಪತ್ತೆಹಚ್ಚಿದ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಮೆದುಳಿನ ಹೈಪೊಥಲಾಮಸ್ ಮೈಯ ಬಿಸಿಯನ್ನು ಒಂದು ಮಟ್ಟದಲ್ಲಿ ಕಾಯುತ್ತದೆ. ಸೋಂಕು ತಗುಲಿದಾಗ ಆ ಮಟ್ಟವೇ ಮೇಲೇರುತ್ತದೆ. ಮೈ ಇನ್ನೂ ಅಲ್ಲಿಗೆ ತಲುಪಿರದ ಕಾರಣ 102 ಡಿಗ್ರಿ ಜ್ವರವಿದ್ದೂ ರೋಗಿ ನಡುಗುತ್ತಾನೆ, ಕಂಬಳಿ ಕೇಳುತ್ತಾನೆ. ಮಟ್ಟ ಇಳಿದ ಕೂಡಲೇ ಬೆವರಿ ಕಂಬಳಿ ಎಸೆಯುತ್ತಾನೆ. ಇದು ಜ್ವರದ ಹಂತ, ಆ ವ್ಯಕ್ತಿಯ ಪ್ರಕೃತಿಯಲ್ಲ. ಒಳ್ಳೆಯ ಹೋಮಿಯೋಪಥಿ ವೈದ್ಯರೂ ಈ ವ್ಯತ್ಯಾಸವನ್ನು ಒಪ್ಪುತ್ತಾರೆ.

ಪ್ರಕೃತಿ ಎಂದುಕೊಂಡದ್ದರ ಹಿಂದೆ ಕಾಯಿಲೆ ಅಡಗಿರುವುದು ಇದಕ್ಕಿಂತ ಗಂಭೀರ. ಥೈರಾಯ್ಡ್ ಕಡಿಮೆ ದುಡಿದರೆ ಚಳಿ ತಡೆಯದು, ತೂಕ ಏರುತ್ತದೆ, ಮಲಬದ್ಧತೆ, ಸುಸ್ತು. ಅದೇ ಗ್ರಂಥಿ ಅತಿಯಾಗಿ ದುಡಿದರೆ ಸೆಕೆ ತಡೆಯದು, ಕೈ ನಡುಗುತ್ತದೆ. ರಕ್ತಹೀನತೆಯಲ್ಲಿ ಕೈಕಾಲು ತಣ್ಣಗೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮುಖಕ್ಕೆ ಬಿಸಿ ಏರಿ ಬೆವರುತ್ತದೆ. ಹೋಮಿಯೋಪಥಿಯಲ್ಲಿ ಅದು ಲ್ಯಾಕೆಸಿಸ್ ಎಂಬ ಔಷಧದ ಚಿತ್ರ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ಕೈ ತಣ್ಣಗಾಗಿಸಬಲ್ಲವು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಂಗಾಲಿನ ಉರಿ. ರಾತ್ರಿ ಕಾಲು ಉರಿಯುತ್ತದೆ, ಹೊದಿಕೆಯಿಂದ ಹೊರಗೆ ಇಡಬೇಕು ಎಂಬುದು ಸಲ್ಫರಿನ ಅತಿ ಪ್ರಸಿದ್ಧ ಗುರುತು. ಅದೇ ಮಾತು ಸಕ್ಕರೆ ಕಾಯಿಲೆಯಿಂದ ನರ ಕೆಡತೊಡಗಿದವರ ಬಾಯಲ್ಲೂ ಬರುತ್ತದೆ. ಬಿ12 ಜೀವಸತ್ವ ಕಡಿಮೆಯಾದವರೂ ಹೀಗೆಯೇ ಹೇಳುತ್ತಾರೆ. ಮಧುಮೇಹ ಮನೆಮನೆಯಲ್ಲಿರುವ ನಮ್ಮಂಥ ನಾಡಿನಲ್ಲಿ ಈ ಲಕ್ಷಣ ಕೇಳಿದ ಕೂಡಲೇ ರಕ್ತದ ಸಕ್ಕರೆ ನೋಡದೆ ಗುಳಿಗೆ ಬರೆದುಕೊಟ್ಟರೆ, ಒಂದೆರಡು ವರ್ಷ ತಡವಾಗಿ ಪತ್ತೆಯಾಗುವ ಕಾಯಿಲೆಗೆ ಬೆಲೆ ತೆರುವವರು ರೋಗಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿನೀರಿನ ಶಾಖ ಕೊಟ್ಟು ಸುಟ್ಟುಕೊಂಡ ಮಧುಮೇಹಿಗಳು ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇರುತ್ತಾರೆ.

ಗುಳಿಗೆಯ ಬಗ್ಗೆ ಪರೀಕ್ಷೆಗಳು ಹೇಳುವುದನ್ನು ಮರೆಮಾಚುವುದು ಓದುಗರಿಗೆ ಮಾಡುವ ಮೋಸ. 30ಸಿ ಪೊಟೆನ್ಸಿ ಎಂದರೆ ಮೂಲಪದಾರ್ಥವನ್ನು 1:100ರಂತೆ 30 ಬಾರಿ ತೆಳುಗೊಳಿಸಿದ್ದು. 12 ಬಾರಿ ದಾಟಿದ ಮೇಲೆ ಅದರಲ್ಲಿ ಮೂಲದ ಒಂದು ಅಣು ಉಳಿದಿರುವ ಸಂಭವವೂ ತೀರ ಕಡಿಮೆ. ಅಯೋಡಿನ್ ಮನುಷ್ಯನನ್ನು ಸೆಕೆಯವನನ್ನಾಗಿ ಮಾಡಬಲ್ಲದು ನಿಜ, ಆದರೆ ಅಯೋಡಂ 30ರ ಗುಳಿಗೆಯಲ್ಲಿ ಅಯೋಡಿನ್ ಇಲ್ಲ. 2003ರಲ್ಲಿ ಇಂಗ್ಲೆಂಡಿನಲ್ಲಿ ಬೆಲಡೋನಾ 30ಸಿಯ ಪ್ರೂವಿಂಗನ್ನು, ಯಾರಿಗೆ ಔಷಧ ಯಾರಿಗೆ ಖಾಲಿ ಗುಳಿಗೆ ಎಂದು ತಿಳಿಯದಂತೆ ನಡೆಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಹೋಲಿಕೆ 110 ಹೋಮಿಯೋಪಥಿ ಪ್ರಯೋಗಗಳನ್ನು ಅಷ್ಟೇ ಸಂಖ್ಯೆಯ ಸಾಮಾನ್ಯ ವೈದ್ಯಕೀಯ ಪ್ರಯೋಗಗಳ ಪಕ್ಕದಲ್ಲಿಟ್ಟು, ಹೋಮಿಯೋಪಥಿಯ ಪರಿಣಾಮ ಖಾಲಿ ಗುಳಿಗೆಯದಕ್ಕಿಂತ ಭಿನ್ನವೆನ್ನಲು ಗಟ್ಟಿ ಆಧಾರವಿಲ್ಲ ಎಂದಿತು. 2014ರಲ್ಲಿ ರಾಬರ್ಟ್ ಮ್ಯಾಥಿ ಮತ್ತು ಸಂಗಡಿಗರು, ವ್ಯಕ್ತಿಗೆ ತಕ್ಕ ಔಷಧ ಆರಿಸಿದ ಪ್ರಯೋಗಗಳನ್ನಷ್ಟೇ ಒಟ್ಟುಗೂಡಿಸಿದರು. ಚಳಿ-ಸೆಕೆ ಕೇಳಿ ಆರಿಸುವ ಬಗೆಗೆ ಹತ್ತಿರದ ಪರೀಕ್ಷೆ ಅದೇ. ಸಣ್ಣ ಪರಿಣಾಮವೊಂದು ಕಂಡಿತಾದರೂ ಹೆಚ್ಚಿನ ಪ್ರಯೋಗಗಳ ಗುಣಮಟ್ಟ ಸಾಲದು ಎಂದು ಅವರೇ ಎಚ್ಚರಿಸಿದರು. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಆಧಾರವಿರುವ ಕಾಯಿಲೆ ಒಂದೂ ಇಲ್ಲ ಎಂದು ತೀರ್ಮಾನಿಸಿತು.

ಹಾಗಾದರೆ ಅಷ್ಟೊಂದು ಜನ ನೆಮ್ಮದಿ ಕಂಡದ್ದು ಸುಳ್ಳೇ? ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಬೆಳಕು ಕೊಡುತ್ತದೆ. ಇಂಗ್ಲೆಂಡಿನಲ್ಲಿ ರುಮಟಾಯ್ಡ್ ಸಂಧಿವಾತದ 83 ರೋಗಿಗಳ ಮೇಲೆ ಸಾರಾ ಬ್ರೀನ್ ಮತ್ತು ಸಂಗಡಿಗರು ಸಮಾಲೋಚನೆಯನ್ನೂ ಗುಳಿಗೆಯನ್ನೂ ಬೇರ್ಪಡಿಸಿ ನೋಡಿದರು. ಉಪಯೋಗ ಕಂಡದ್ದು ಸಮಾಲೋಚನೆಯಿಂದ, ಗುಳಿಗೆಯಿಂದಲ್ಲ. ರೋಗಿಯ ನಿದ್ದೆ, ಹೊದಿಕೆ, ಬಾಯಾರಿಕೆ, ಬಿಸಿಲು, ಮಳೆ ಎಲ್ಲವನ್ನೂ ಒಬ್ಬರು ಕೂತು ಕೇಳಿಸಿಕೊಂಡದ್ದೇ ಔಷಧದ ಕೆಲಸ ಮಾಡಿತ್ತು. ಐದು ನಿಮಿಷಕ್ಕೆ ಒಬ್ಬ ರೋಗಿಯನ್ನು ಮುಗಿಸುವ ನಮ್ಮ ಆಸ್ಪತ್ರೆಗಳು ಇದರಿಂದ ಕಲಿಯಬೇಕಾದದ್ದು ಬಹಳ ಇದೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಹುಟ್ಟಿದಾಗಿನಿಂದ ನೀವು ಚಳಿಯವರಾಗಿದ್ದರೆ ಅದು ನಿಮ್ಮ ಸ್ವಭಾವವಿರಬಹುದು, ಚಿಂತೆ ಬೇಡ. ಆದರೆ ಕಳೆದ ಕೆಲವು ತಿಂಗಳಲ್ಲಿ ಹೊಸದಾಗಿ ಚಳಿ ತಡೆಯದಾಗಿದ್ದರೆ, ಹೊಸದಾಗಿ ಸೆಕೆ ತಡೆಯದಾಗಿದ್ದರೆ, ರಾತ್ರಿ ಅಂಗಾಲು ಉರಿಯತೊಡಗಿದ್ದರೆ, ಯಾವ ಪದ್ಧತಿಯ ವೈದ್ಯರ ಬಳಿ ಹೋಗುವ ಮನಸ್ಸಿದ್ದರೂ ಸರಿ, ಮೊದಲು ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ರಕ್ತದ ಸಕ್ಕರೆ ಇವಿಷ್ಟನ್ನು ಪರೀಕ್ಷೆ ಮಾಡಿಸಿ. ಅಂಗಾಲು ಉರಿಯಿದ್ದರೆ ಬಿ12 ಅನ್ನೂ ನೋಡಿಸಿ. ಈಗಾಗಲೇ ಥೈರಾಯ್ಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ಯಾವ ಗುಳಿಗೆಯ ಭರವಸೆಯ ಮೇಲೂ ಅದನ್ನು ನಿಲ್ಲಿಸಬೇಡಿ. ಹೋಮಿಯೋಪಥಿ ವೈದ್ಯರಲ್ಲೂ ಒಂದು ವಿನಂತಿ: ಹಾಳೆಯ ಮೂಲೆಯಲ್ಲಿ ‘ಚಿಲ್ಲಿ’ ಎಂದು ಬರೆದಾಗ, ಅದರ ಪಕ್ಕದಲ್ಲೇ ‘ಯಾವಾಗಿನಿಂದ’ ಎಂಬುದನ್ನೂ ಬರೆದುಕೊಳ್ಳಿ.